ಗೆರೆಯಾಚೆ ಒಂದಿಷ್ಟು

ಮೂರನೇ ಮಹಡಿ ಮನೆ,
ಮಂಗಳವಾರ, ಬೆಳಗಿನ ಹೊತ್ತು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಫೋನಿನಲ್ಲಿ ಕೇಳಿದರೆ "ನನಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದೀನಿ" ಅನ್ನುತ್ತೀಯ. ಅಷ್ಟರಲ್ಲಿ ಗಿರಾಕಿ ಬಂದರು ಅಂತ ಇಟ್ಟೇಬಿಡುತ್ತೀಯ. ನಾನು ಆರೋಗ್ಯ ವಿಚಾರಿಸುವ ಹೊತ್ತಿಗೇ ನಿನ್ನ ಅಂಗಡಿಗೆ ಗಿರಾಕಿಗಳು ನುಗ್ಗುವುದು ಹೇಗೆ ಅನ್ನುವುದು ನನಗೆ ಇನ್ನೂ ಬಿಡಿಸಲಾಗದ ಒಗಟು. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲವಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ಮೆಷಿನ್ ಪಕ್ಕ ನಿಂತುಕೊಂಡೇ ಎರಡು ತುತ್ತು ನುಂಗುವ ಚಾಳಿ ಮತ್ತೆ ಶುರುವಾಯಿತಾ? ಸೊಂಟ ಹೇಗಿದೆ? ಅಂಗಡಿಯನ್ನು ಈಗೀಗ ತಡವಾಗಿ ತೆಗೆಯುತ್ತೀಯಂತೆ, ಮೊನ್ನೆ ನೀನೇ ಬಾಯಿ ತಪ್ಪಿ ಅಂದೆ. ಬೆಳಕು ಹರಿಯುವ ಮೊದಲೇ ಶಟರ್ ಎತ್ತಿ ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದವನು ನೀನು. ಈ ಪ್ರಶ್ನೆಗಳಿಗೆಲ್ಲ ನಿಜ ಬರೆ. ಬರೆಯಲು ಬೇಜಾರಾದರೆ ಪಕ್ಕದ ಅಂಗಡಿಯ ಗಡಿಯಾರದವರ ಹತ್ತಿರ ಹೇಳಿ ಬರೆಸು.

ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಮೊಮ್ಮಗಳು ಚಿಟಿಕೆಗೆ ಮೇಲೆ ಇನ್ನೊಂದು ಹಲ್ಲು ಬಂದಿದೆ, ಅದರ ಪ್ರಯೋಗ ನನ್ನ ಭುಜದ ಮೇಲೆ ನಡೆಯುತ್ತಿದೆ. ಹುಟ್ಟಿದ ದಿನ ಅವಳನ್ನು ಅಂಗೈಯಲ್ಲಿಟ್ಟುಕೊಂಡು "ಇದೇನಮ್ಮ, ಒಂದು ಚಿಟಿಕೆ ಇದ್ದಾಳೆ" ಅಂದೆಯಲ್ಲ, ಈಗ ಬಂದು ಎತ್ತಿಕೊಂಡು ನೋಡು, ಹಾಗೆ ಅನ್ನುವುದಿಲ್ಲ. ನಿನ್ನ ಅಳಿಯಂದಿರು ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದಾರೆ. ಊರಿನ ಲಿಫ್ಟುಗಳೆಲ್ಲ ರಾತ್ರಿಯೇ ಯಾಕೆ ಕೆಡುತ್ತವೋ. ನಾಲ್ಕನೇ ಮಹಡಿಯಿಂದ ಐದನೆಯದಕ್ಕೆ ಹೋಗಲಾಗದೆ ನಡುವೆ ಸಿಕ್ಕಿಕೊಂಡ ವಕೀಲರೊಬ್ಬರು ಇವರು ಬಿಡಿಸಿ ಹೊರಗೆ ತಂದ ಮೇಲೆ ಇವರನ್ನೇ ಗದರಿಸಿದರಂತೆ. ಇವರು ಅದನ್ನು ನನಗೆ ಹೇಳಿ ನಗುತ್ತಲೇ ನಿದ್ದೆ ಹೋದರು. ಹೀಗೆ ನಗುತ್ತ ನಿದ್ದೆ ಹೋಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ನಿದ್ದೆಯ ವಿಷಯ ನಿನಗೆ ಗೊತ್ತೇ ಇದೆ. ಮೊದಲಿಗಿಂತ ವಾಸಿ. ಆದರೂ ಮಗು ಉಸಿರಾಡುತ್ತಿದೆಯಾ ಅಂತ ಎದ್ದು ನೋಡುವ ಕೆಲಸ ಇನ್ನೂ ಖಾಯಂ ಆಗಿದೆ. ಆ ಕೆಲಸಕ್ಕೆ ರಜೆಯೂ ಇಲ್ಲ, ಬಡ್ತಿಯೂ ಇಲ್ಲ.

ಈಗ ಒಂದು ನಿಮಿಷ ಓದುವುದನ್ನು ನಿಲ್ಲಿಸಿ ಈ ಅಕ್ಷರಗಳನ್ನು ನೋಡಪ್ಪ. ಓದಬೇಡ, ಸುಮ್ಮನೆ ಬಟ್ಟೆಯ ನೇಯ್ಗೆ ನೋಡುವ ಹಾಗೆ ನೋಡು. ಸಾಲು ನೆಟ್ಟಗಿದೆಯಾ? ಎಲ್ಲಾದರೂ ನಡುಗಿದೆಯಾ? ಹೋದ ವರ್ಷ ಇದೇ ಹೊತ್ತಿಗೆ ಪೆನ್ನಿನ ಮುಚ್ಚಳ ತೆಗೆಯಲು ನಿನ್ನನ್ನು ಕೂಗುತ್ತಿದ್ದವಳು ನಾನು. ಇವತ್ತು ಮುಚ್ಚಳವನ್ನು ನಾನೇ ತೆಗೆದು, ನಾನೇ ಹಾಕಿ, ಸುಖಾಸುಮ್ಮನೆ ಮತ್ತೊಮ್ಮೆ ತೆಗೆದು ಕೂತಿದ್ದೇನೆ. ಹೇಳಬೇಕಾದ ಸುದ್ದಿಯ ಮುಕ್ಕಾಲು ಪಾಲು ಇದೇ. ಉಳಿದದ್ದರಲ್ಲಿ ಹೆಚ್ಚಿನದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ. ಎದುರಿಗೆ ಥ್ಯಾಂಕ್ಸ್ ಅಂದರೆ ನೀನು ಕತ್ತರಿ ಎಲ್ಲಿಟ್ಟೆ ಅಂತ ಹುಡುಕಲು ಶುರುಮಾಡುತ್ತೀಯ, ಅದೂ ಕತ್ತರಿ ನಿನ್ನ ಕೈಯಲ್ಲೇ ಇರುವಾಗ.

ಆ ದಿನಗಳು ನಿನಗೆ ನೆನಪಿವೆಯಲ್ಲ. ಹೆರಿಗೆಯಾಗಿ ಕೆಲವೇ ವಾರಗಳು, ಬೆಳಿಗ್ಗೆ ಏಳುವಾಗ ಬೆರಳುಗಳು ಯಾರದೋ ಬೆರಳುಗಳ ಹಾಗೆ ಊದಿಕೊಂಡು ಬಿಗಿದಿರುತ್ತಿದ್ದವು. ಮೊದಲು ಬಾಣಂತನದ ಸುಸ್ತು ಅಂದರು. ಆಮೇಲೆ ಎತ್ತಿಕೊಳ್ಳುವ ಭಂಗಿ ಸರಿಯಿಲ್ಲ ಅಂದರು. ಲೈಬ್ರರಿಯಲ್ಲಿ ತೋಳಿನ ತುಂಬ ದಪ್ಪ ದಪ್ಪ ಪುಸ್ತಕ ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳಿಗೆ ಸ್ವಂತ ಮಗುವಿನ ಅಂಗಿಯ ಗುಂಡಿ ಹಾಕಲು ಬರದು ಅಂದರೆ ಯಾರಿಗೆ ಹೇಳಲಿ? ಎಲ್ಲಿ ಕೈಜಾರಿ ಬೀಳಿಸಿಬಿಡುತ್ತೇನೋ ಅಂತ ಅವಳನ್ನು ನೆಲದ ಮೇಲೇ ಹಾಸಿಗೆ ಹಾಸಿ ಮಲಗಿಸಿ, ಪಕ್ಕದಲ್ಲಿ ಕೂತು, ಮೊಣಕೈಯಿಂದ ತಟ್ಟುತ್ತಿದ್ದೆ. ನಾನು ನಿನಗೆ ಅದನ್ನು ಹೇಳಿದ್ದು ಫೋನಿನಲ್ಲಿ, ಅದೂ ನಗುನಗುತ್ತ. ನೀನು ನಗಲಿಲ್ಲ. ಮಾರನೆಯ ದಿನ ಹೊಲಿಗೆ ಮೆಷಿನ್ನನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ಬಾಗಿಲು ತಟ್ಟಿದೆ. "ಅಂಗಡಿ ಎಲ್ಲಿ ಹೋಗುತ್ತೆ ಬಿಡು, ಗೋಡೆಗೆ ಕಾಲಿದೆಯಾ?" ಅಂದೆ.

ಅಮ್ಮ ಇದ್ದಿದ್ದರೆ ಅಂತ ನಾನು ಆ ದಿನ ಅಂದುಕೊಂಡಿದ್ದು ನಿಜ. ಆದರೆ ಆಮೇಲೆ ಅಂದುಕೊಳ್ಳಲು ನೀನು ಪುರಸೊತ್ತೇ ಕೊಡಲಿಲ್ಲ. ಬಂದ ದಿನವೇ ಚಿಟಿಕೆಯ ಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದೊಂದೇ ಗುಂಡಿ ಬಿಚ್ಚಿದೆ. ಗುಂಡಿ ಇದ್ದ ಕಡೆ ಅಗಲ ಪಟ್ಟಿ, ಹುಕ್ ಇದ್ದ ಕಡೆ ಕಟ್ಟುವ ದಾರ. ಎಳೆದರೆ ಬಿಚ್ಚಬೇಕು, ಸುತ್ತಿದರೆ ನಿಲ್ಲಬೇಕು, ಹಿಡಿಯಲು ಬೆರಳ ತುದಿ ಬೇಕಾಗಬಾರದು, ಅಂಗೈ ಸಾಕಾಗಬೇಕು. ನನ್ನ ಕುಪ್ಪಸಗಳಿಗೂ ಹಾಗೇ ಮಾಡಿದೆ, ಕೇಳದೆಯೇ. ಪಾತ್ರೆಗಳ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ. ಬಾಗಿಲ ಚಿಲಕಕ್ಕೆ ಒಂದು ಬಟ್ಟೆಯ ಕುಣಿಕೆ. "ಇಡೀ ಮನೆಗೇ ಅಂಗಿ ಹೊಲಿದುಬಿಟ್ರಲ್ಲ ಮಾವ" ಅಂತ ಇವರು ಅಂದಾಗ, "ಅಳತೆ ಕೊಟ್ಟರೆ ಲಿಫ್ಟಿಗೂ ಹೊಲಿದು ಕೊಡ್ತೀನಿ ಅಳಿಯಂದಿರೇ" ಅಂದೆ. ಗುಂಡಿ ಇರುವ ಬಟ್ಟೆ ಅಂತ ಹೊಲಿದದ್ದು ಒಂದೇ ಒಂದು. ಆ ನೀಲಿ ಫ್ರಾಕು. ಬೆನ್ನಿನುದ್ದಕ್ಕೂ ಹುರಿಗಡಲೆ ಗಾತ್ರದ ಗುಂಡಿಗಳು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, "ಇದನ್ನ ನಿನ್ನ ಕೈ ಬಂದ ದಿನ ಹಾಕು, ಅಲ್ಲೀತನಕ ಯಾರೂ ಮುಟ್ಟಕೂಡದು" ಅಂದೆ. ನನಗೆ ಆಗ ಎಂಥ ಕೋಪ ಬಂದಿತ್ತು ಗೊತ್ತಾ? ಏಳುತ್ತ, ಕೂರುತ್ತ ಅದು ನನ್ನನ್ನು ಅಣಕಿಸುತ್ತಿದೆ ಅನ್ನಿಸುತ್ತಿತ್ತು. ಅಳತೆಗೆ ಮೂರು ಬೆರಳು ಹೆಚ್ಚಿಗೆ ಬಿಟ್ಟು ಹೊಲಿದಿದ್ದೆ. ಅಂದರೆ ನನ್ನ ಕೈ ಬರಲು ತಡವಾಗುತ್ತದೆ ಅಂತ ನಿನಗೆ ಗೊತ್ತಿತ್ತು. ಬಂದೇ ಬರುತ್ತದೆ ಅಂತಲೂ ಗೊತ್ತಿತ್ತು.

ಕೀಲುಗಳ ಡಾಕ್ಟರಮ್ಮನ ಹತ್ತಿರ ಮೊದಲ ಸಲ ಹೋದಾಗ ಅವರು ರೋಗದ ಹೆಸರು ಹೇಳಿ, ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರಲ್ಲ, ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳ ಮೇಲೇ ಎರಗುತ್ತದೆ ಅಂತ. ನಾನು ಅಳಲು ತಯಾರಾಗುತ್ತಿದ್ದೆ. ನೀನು ನಡುವೆ ಬಾಯಿ ಹಾಕಿ, "ಅಲ್ಲಮ್ಮ, ಕಾವಲಿಗೆ ಇಟ್ಟೋನು ಮನೆಯವರಿಗೇ ದೊಣ್ಣೆ ಬೀಸ್ತಾನೆ ಅಂದ್ರೆ ಅವನನ್ನ ಕೆಲಸದಿಂದ ತೆಗೆಯೋಕಾಗಲ್ವಾ?" ಅಂದೆ. ಡಾಕ್ಟರಮ್ಮ, "ತೆಗೆದರೆ ನಿಜವಾದ ಕಳ್ಳ ಬಂದಾಗ ಏನ್ ಮಾಡ್ತೀರಿ ಯಜಮಾನ್ರೇ? ಇರಲಿ, ಸ್ವಲ್ಪ ಬುದ್ಧಿ ಹೇಳೋಣ" ಅಂದರು. ಅಳು ಅಲ್ಲೇ ನಿಂತಿತು. ಆಮೇಲೆ ಅವರು ಮನೆಯಲ್ಲಿ ಬೇರೆ ಯಾರಿಗಾದರೂ ಈ ತರಹ ಇದೆಯಾ ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ನೀನು "ಯಾರಿಗೂ ಇಲ್ಲಮ್ಮ, ನಮ್ಮ ಕಡೆ ಎಲ್ಲ ಗಟ್ಟಿ ಕೈ" ಅಂದೆ. ಅವರು ಬರೆದುಕೊಂಡರು. ನಾನೂ ನಂಬಿದೆ.

ಅವರು ಕೊಟ್ಟ ಮಾತ್ರೆ ಅರ್ಧ ಕೆಲಸ ಮಾಡಿತು. ಊತ ಇಳಿಯಿತು, ಆದರೆ ಬೆಳಗಿನ ಬಿಗಿತ ಬಿಡಲಿಲ್ಲ. ಮತ್ತೆ ಆ ಸುಸ್ತು! ಎದ್ದ ತಕ್ಷಣವೇ ದಿನ ಮುಗಿದ ಹಾಗೆ. ಮಾತ್ರೆ ಹೆಚ್ಚಿಸಿದರೆ ಹೊಟ್ಟೆ ತೊಳಸುತ್ತಿತ್ತು. ಚಿಟಿಕೆ ಹಾಲು ಬಿಟ್ಟ ಮೇಲೆ ಡಾಕ್ಟರಮ್ಮ ಇನ್ನೊಂದು ಔಷಧಿಯ ಮಾತೆತ್ತಿದರು. ನಾಲ್ಟ್ರೆಕ್ಸೋನ್. ಅದರ ಹೆಸರು ನಿನ್ನ ನಾಲಿಗೆಗೆ ಕಡೆಯವರೆಗೂ ಹತ್ತಲಿಲ್ಲ. ಬೇರೆಯ ಕಾಯಿಲೆಗೆ ಇಡೀ ಮಾತ್ರೆ ಕೊಡುವಂಥದ್ದು, ನನಗೆ ಮಾತ್ರ ಅದರಲ್ಲಿ ಒಂದು ಚೂರಿನ ಚೂರು. "ಪವಾಡ ಅಂತ ತಿಳ್ಕೋಬೇಡಿ. ಇದರ ಮೇಲೆ ನಡೆದಿರೋ ಪರೀಕ್ಷೆಗಳು ಇನ್ನೂ ಸಣ್ಣವು. ಕೆಲವರಿಗೆ ನೋವು, ಸುಸ್ತು ಇಳಿಯುತ್ತೆ, ಕೆಲವರಿಗೆ ಏನೂ ಆಗಲ್ಲ. ಹಳೇ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಇದನ್ನ ಅದರ ಜೊತೆಗೆ ನೋಡೋಣ" ಅಂದರು. ನನ್ನ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತೆಗೆದು ಇಣುಕಿದರು. ಅಷ್ಟರಲ್ಲಿ ನೀನು ಕೇಳಿದ್ದು ಒಂದೇ: "ಇಷ್ಟೊಂದು ಕಾಯಿಲೆಗೆ ಅಷ್ಟೇ ಅಷ್ಟು ಔಷಧಿನಾ?" ಆ ಪ್ರಶ್ನೆ ನಿನ್ನ ತಲೆಯಲ್ಲಿ ಕೂತುಬಿಟ್ಟಿದೆ ಅಂತ ನನಗೆ ಹೊಳೆದಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ.

ಔಷಧಿ ಅಂಗಡಿಯ ಪ್ರಹಸನ ನೆನಪಿದೆಯಾ? ಚೀಟಿ ನೋಡಿದ ಅಂಗಡಿಯವರು ಮುಖ ಸಣ್ಣಗೆ ಮಾಡಿಕೊಂಡು, ದನಿ ತಗ್ಗಿಸಿ, "ಮನೆಯವರಿಗಾಮ್ಮ?" ಅಂದರು. ಅದು ಕುಡಿತ ಬಿಡುವವರಿಗೆ ಕೊಡುವ ಮಾತ್ರೆಯೂ ಹೌದು ಅಂತ ನನಗೆ ಆಗಿನ್ನೂ ತಲೆಗೆ ಹೋಗಿರಲಿಲ್ಲ. "ಇಲ್ಲ, ನನಗೇ" ಅಂದೆ. ಅವರ ಮುಖ ಇನ್ನೂ ಸಣ್ಣಗಾಯಿತು. ನನ್ನ ಮಾನ ಉಳಿಸಲು ಹೋಗಿ ನೀನು, "ಅವಳಿಗಲ್ಲ ಬಿಡಿ, ಹಾಗೇನಿಲ್ಲ, ಒಟ್ಟು ಮನೆಗೆ" ಅಂದುಬಿಟ್ಟೆ! ಒಟ್ಟು ಮನೆಗೆ! ಅದು ಬೀದಿಯ ತುದಿಗೆ ಹೋಗಿ ವಾಪಸು ಬರುವಷ್ಟರಲ್ಲಿ ನಿನ್ನ ಅಳಿಯಂದಿರ ತಲೆಗೆ ಕಟ್ಟಿಕೊಂಡಿತ್ತು. ಕೆಳಗಿನ ಮನೆಯ ರಿಟೈರಾದ ಮೇಷ್ಟ್ರು ಮೆಟ್ಟಿಲಲ್ಲಿ ಇವರ ಹೆಗಲ ಮೇಲೆ ಕೈಯಿಟ್ಟು, "ಧೈರ್ಯವಾಗಿರಪ್ಪ, ಬಿಟ್ಟವರು ಎಷ್ಟೋ ಜನ ಇದ್ದಾರೆ" ಅಂದರಂತೆ. ರಾತ್ರಿಪಾಳಿಯ ವಿಷಯ ಮಾತಾಡುತ್ತಿದ್ದಾರೆ ಅಂದುಕೊಂಡು ಇವರು, "ಬಿಡೋಕೆ ಹೇಗಾಗುತ್ತೆ ಸಾರ್, ಮನೆ ನಡೀತಿರೋದೇ ಇದರಿಂದ" ಅಂದರಂತೆ. ಮೇಷ್ಟ್ರು ಈಗಲೂ ನನ್ನನ್ನು ಕಂಡರೆ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಸರಿಪಡಿಸಿ ಹೇಳಲು ಎರಡು ಸಲ ಹೋದೆ. ಗಂಡನನ್ನು ಬಿಟ್ಟುಕೊಡದ ಹೆಂಗಸು ಅಂತ ನನ್ನ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಡಾಕ್ಟರಮ್ಮ ಹೇಳಿದ್ದ ಇನ್ನೊಂದು ಮಾತು, ಕೆಲವು ಜೋರು ನೋವಿನ ಮಾತ್ರೆಗಳಿಗೂ ಇದಕ್ಕೂ ಆಗಿಬರುವುದಿಲ್ಲ, ಅಂಥವು ಮನೆಯಲ್ಲಿದ್ದರೆ ಬೇರೆ ತೆಗೆದಿಡಿ ಅಂತ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಇಡೀ ಮನೆ ತಲೆಕೆಳಗು ಮಾಡಿದೆ. ನಿನ್ನ ಹೊಲಿಗೆ ಡಬ್ಬಿಯ ಅಡಿಯಲ್ಲಿ, ಸೀಮೆಸುಣ್ಣದ ಕೆಳಗೆ, ಒಂದು ಹಾಳೆ ಮಾತ್ರೆ ಸಿಕ್ಕಿತು. "ಅದು ನಂದು ಕಣಮ್ಮ, ಸೊಂಟಕ್ಕೆ. ಬಗ್ಗಿ ಬಗ್ಗಿ ಹಿಡಿದುಕೊಳ್ಳುತ್ತೆ" ಅಂದು ಕಸಿದುಕೊಂಡು ಜೇಬಿಗೆ ಹಾಕಿದೆ. ಆಮೇಲೆ ನೀರಿನ ಔಷಧಿ ಅಳೆಯುವ ಕೆಲಸ ಶುರುವಾಯಿತು. ಅಷ್ಟು ಸಣ್ಣ ಅಳತೆಯ ಮಾತ್ರೆ ಅಂಗಡಿಯಲ್ಲಿ ಸಿಗದೆ, ಅಂಗಡಿಯವರೇ ಅದನ್ನು ನೀರಿನಲ್ಲಿ ಕರಗಿಸಿ ಸೀಸೆಯಲ್ಲಿ ಕೊಟ್ಟರು. ಸೂಜಿಯಿಲ್ಲದ ಸಿರಿಂಜಿನ ಮೇಲೆ ಡಾಕ್ಟರಮ್ಮ ಇಂಕಿನಲ್ಲಿ ಗೆರೆ ಎಳೆದರು. ಅಲ್ಲಿಯವರೆಗೆ ಎಳೆದು ಮಲಗುವ ಮೊದಲು ಕುಡಿಯಬೇಕು. ಆ ಸಣ್ಣ ಸಿರಿಂಜನ್ನು ಹಿಡಿದು ಎಳೆಯಲು ನನ್ನ ಬೆರಳಿಗೆ ಬರುತ್ತಿರಲಿಲ್ಲ, ಇವರು ಪಾಳಿಗೆ ಹೋಗಿರುತ್ತಿದ್ದರು. "ಅಳತೆಯ ಕೆಲಸ ತಾನೇ? ಜೀವಮಾನವೆಲ್ಲ ಮಾಡಿದ್ದು ಅದನ್ನೇ" ಅಂತ ನೀನು ಕನ್ನಡಕ ಏರಿಸಿದೆ.

ಆಮೇಲಿನ ನನ್ನ ಕನಸುಗಳನ್ನು ನಿನಗೆ ಪೂರ್ತಿ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಲೈಬ್ರರಿಯಲ್ಲಿ ಚಿಟಿಕೆಯ ಬೆನ್ನಿಗೆ ನಂಬರ್ ಚೀಟಿ ಅಂಟಿಸಿ ಯಾರಿಗೋ ಓದಲು ಕೊಟ್ಟುಬಿಟ್ಟಿದ್ದೇನೆ. ಮೊಹರು ಹಾಕಲು ಮರೆತಿದ್ದೇನೆ. ಯಾರು ತೆಗೆದುಕೊಂಡು ಹೋದರು ಅಂತ ಗೊತ್ತಿಲ್ಲ. ಕಪಾಟುಗಳ ನಡುವೆ ಓಡುತ್ತಿದ್ದೇನೆ, ಅಲ್ಲಿ ಓಡಬಾರದು ಅಂತ ನಾನೇ ನನಗೆ ಗದರಿಸುತ್ತಿದ್ದೇನೆ. ಸಿನಿಮಾಕ್ಕಿಂತ ಸ್ಪಷ್ಟ, ಬಣ್ಣ ಸಮೇತ. ಎಚ್ಚರಾದರೆ ಮತ್ತೆ ನಿದ್ದೆಯಿಲ್ಲ. ಈ ಔಷಧಿಗೆ ಕನಸು, ನಿದ್ದೆಗೇಡು ಇದ್ದದ್ದೇ, ಮೊದಮೊದಲು ಸ್ವಲ್ಪ ಇರಬಹುದು ಅಂತ ಹೇಳಿದ್ದರು. ಆದರೆ ಇದು ಸ್ವಲ್ಪವಾಗಿರಲಿಲ್ಲ. ಮೊದಲೇ ನಿದ್ದೆಗೆಟ್ಟವಳು, ಹುಚ್ಚು ಹಿಡಿಯುವುದೊಂದೇ ಬಾಕಿ. ಈ ಔಷಧಿ ಬೇಡವೇ ಬೇಡ, ನನ್ನ ಹಣೆಯಲ್ಲಿ ಬರೆದಿರುವುದು ಮೊಣಕೈಯಿಂದ ಮಗು ತಟ್ಟುವುದೇ, ನಿಲ್ಲಿಸಿಬಿಡುತ್ತೇನೆ ಅಂತ ತೀರ್ಮಾನ ಮಾಡಿಕೊಂಡೇ ಡಾಕ್ಟರಮ್ಮನ ಹತ್ತಿರ ಹೋದದ್ದು.

ಅವರು ಎಲ್ಲ ಕೇಳಿ, ಒಂದು ಲೋಟ ಬರಿ ನೀರು ತರಿಸಿ, "ಮನೇಲಿ ಹೇಗೆ ಅಳೆಯುತ್ತೀರೋ ಹಾಗೇ ತೋರಿಸಿ ಯಜಮಾನ್ರೇ" ಅಂದರು. ನೀನು ಎಂಥ ಠೀವಿಯಿಂದ ಸಿರಿಂಜು ಹಿಡಿದೆ! ಬೆಳಕಿಗೆ ಎತ್ತಿದೆ, ಒಂದು ಕಣ್ಣು ಮುಚ್ಚಿದೆ, ಗೆರೆಯವರೆಗೆ ಎಳೆದೆ. ಒಂದು ಕ್ಷಣ ನಿಂತೆ. ಆಮೇಲೆ ಗೆರೆಯಾಚೆ ಇನ್ನೊಂದಿಷ್ಟು ಎಳೆದೆ. ಡಾಕ್ಟರಮ್ಮ ಕನ್ನಡಕ ತೆಗೆದು, "ಗೆರೆ ದಾಟಿತಲ್ಲ?" ಅಂದರು. ನೀನು ಅವರಿಗೇ ಪಾಠ ಹೇಳುವವನ ಹಾಗೆ, "ಗೆರೆ ಮೇಲೆ ಯಾವ ದರ್ಜಿಯಾದರೂ ಕತ್ತರಿ ಹಾಕ್ತಾನೇನಮ್ಮ? ಹೊಲಿಗೆಗೆ ಅಂತ ಆಚೆಗೆ ಒಂದಿಷ್ಟು ಬಿಡಬೇಕಲ್ಲ. ಒಳಗೆ ಬಟ್ಟೆ ಬಿಡದೆ ಹೊಲಿದರೆ ನಾಳೆ ಬಿಗಿಯಾದರೆ ಬಿಚ್ಚೋದು ಹೇಗೆ?" ಅಂದೆ. ಡಾಕ್ಟರಮ್ಮ ಸಿರಿಂಜನ್ನೊಮ್ಮೆ, ನಿನ್ನನ್ನೊಮ್ಮೆ ನೋಡಿದರು. ಆಮೇಲೆ ಅವರು ನಗಲು ಶುರುಮಾಡಿದವರು ಮೇಜಿನ ಮೇಲೆ ತಲೆಯಿಟ್ಟುಬಿಟ್ಟರು. ನರ್ಸಮ್ಮ ಏನಾಯಿತೋ ಅಂತ ಓಡಿಬಂದರು. ನಾನು ಮಾತ್ರ ನಗಲಿಲ್ಲ. ನನ್ನ ಮಗುವನ್ನು ಯಾರಿಗೋ ಓದಲು ಕೊಡಿಸಿದ್ದು ನೀನು ಅಂತ ಆಗಲೇ ಗೊತ್ತಾಗಿದ್ದು!

ನಕ್ಕು ಮುಗಿದ ಮೇಲೆ ಅವರು ನಿನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದ್ದನ್ನು ನಾನು ಮರೆತಿಲ್ಲ. ಈ ಔಷಧಿಗೆ ಹೆಚ್ಚು ಕೊಟ್ಟರೆ ಹೆಚ್ಚು ಗುಣ ಅನ್ನುವ ಲೆಕ್ಕವಿಲ್ಲ, ಸಣ್ಣ ಅಳತೆಯಲ್ಲಿ ಇದು ಮಾಡುತ್ತದೆ ಅಂತ ನಾವು ಆಶಿಸುವ ಕೆಲಸವೇ ಬೇರೆ, ದೊಡ್ಡ ಅಳತೆಯಲ್ಲಿ ಮಾಡುವ ಕೆಲಸವೇ ಬೇರೆ, ಭಯಪಡುವಂಥದ್ದೇನೂ ಆಗಿಲ್ಲ, ಆದರೆ ಇನ್ನು ಮೇಲೆ ಗೆರೆ ಅಂದರೆ ಗೆರೆ. "ಮೈಮೇಲೇ ಹೊಲಿಯೋ ಬಟ್ಟೆ ಇದು ಯಜಮಾನ್ರೇ, ಒಳಗೆ ಬಿಡೋ ಹಾಗಿಲ್ಲ." ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವಾಗ, "ಮಗಳಿಗೆ ಅಂದ್ರೆ ಕೈ ತಾನಾಗೇ ಮುಂದಕ್ಕೆ ಹೋಗುತ್ತೆ ಕಣೇ, ಏನ್ ಮಾಡ್ಲಿ" ಅಂದೆ. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಕೋಪ ಅಲ್ಲೇ ಚಪ್ಪಲಿಯ ಜೊತೆ ಬಾಗಿಲಲ್ಲೇ ಉಳಿಯಿತು. ಆವತ್ತು ಸಿರಿಂಜಿನ ಆ ಗೆರೆಯ ಮೇಲೆ ಕೆಂಪು ದಾರವನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದೆಯಲ್ಲ, ಕಣ್ಣು ತಪ್ಪಿದರೂ ಕೈಗೆ ತಗಲಲಿ ಅಂತ, ಆ ದಾರ ಇನ್ನೂ ಇದೆ. ಈಗ ನಾನೇ ಎಳೆಯುತ್ತೇನೆ. ದಾರದ ಹತ್ತಿರ ಬಂದ ಕೂಡಲೆ ನೀನು ಹಿಂದೆ ನಿಂತು "ಸಾಕು, ಸಾಕು" ಅಂದ ಹಾಗಾಗುತ್ತದೆ.

ಗುಣ ಕಂಡದ್ದು ಎಷ್ಟು ಮೆಲ್ಲಗೆ ಅಂದರೆ, ಬಂದದ್ದು ಗೊತ್ತೇ ಆಗಲಿಲ್ಲ. ಒಂದು ಬೆಳಿಗ್ಗೆ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದುಕೊಂಡೆ, ಎಳೆದ ಮೇಲೆ ಹೊಳೆಯಿತು, ಅರೆ, ಮುಷ್ಟಿ! ಇನ್ನೊಂದು ದಿನ ಟವೆಲ್ ಹಿಂಡಿದೆ. ಮಧ್ಯಾಹ್ನ ಮಲಗದೆ ಸಂಜೆಯವರೆಗೆ ಇದ್ದೆ. ಹಳೆಯ ಮಾತ್ರೆಯ ಕೆಲಸವೋ, ಹೊಸದರದೋ, ನಿನ್ನ ಪಟ್ಟಿ-ದಾರಗಳದೋ, ಯಾರಿಗೆ ಎಷ್ಟು ಪಾಲು ಅಂತ ಡಾಕ್ಟರಮ್ಮನೇ ಖಡಾಖಂಡಿತವಾಗಿ ಹೇಳುವುದಿಲ್ಲ. "ಆಗ್ತಿದೆಯಲ್ಲ, ನಡೀಲಿ, ನೋಡ್ತಾ ಇರೋಣ" ಅನ್ನುತ್ತಾರೆ. ಪೂರ್ತಿ ಹೋಗಿಲ್ಲ ಅಪ್ಪ. ಮೋಡದ ದಿನ ಮಣಿಕಟ್ಟು ಇನ್ನೂ ಹಿಡಿಯುತ್ತದೆ. ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಆದರೂ ನೀನು "ಇನ್ನು ನನ್ನ ಕೆಲಸ ಮುಗೀತು" ಅಂತ ಹೋದ ತಿಂಗಳು ಮೆಷಿನ್ನಿಗೆ ಮತ್ತೆ ಗೋಣಿ ಸುತ್ತಿದಾಗ ನಾನು ತಡೆಯದೆ ಬಿಟ್ಟದ್ದು ಅದೇ ಧೈರ್ಯದ ಮೇಲೆ.

ಈಗ ನಿಜವಾದ ಸುದ್ದಿ. ನಿನ್ನೆ ಬೆಳಿಗ್ಗೆ ನೀಲಿ ಫ್ರಾಕು ಮೊಳೆಯಿಂದ ಇಳಿಯಿತು. ನೀನು ಬಿಟ್ಟಿದ್ದ ಮೂರು ಬೆರಳು ಬಟ್ಟೆ ಈಗ ಸರಿಯಾಗಿ ತುಂಬಿದೆ, ಇನ್ನು ತಡವಾಗಿದ್ದರೆ ಹಿಡಿಸುತ್ತಲೇ ಇರಲಿಲ್ಲ. ಅವಳನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಮೇಲಿನಿಂದ ಒಂದೊಂದೇ ಗುಂಡಿ ಹಾಕಿದೆ. ಅವಳು ಮೀನಿನ ಹಾಗೆ ಒದ್ದಾಡಿದಳು. ಒಂದು ಗುಂಡಿ ಹಾಕುವಷ್ಟರಲ್ಲಿ ಉರುಳಿ ಹೋಗಿ ಮಂಚದ ಕಾಲಿನ ಹತ್ತಿರ ಸಿಕ್ಕಳು. ಮತ್ತೆ ಎಳೆತಂದೆ. ಎಳೆತಂದೆ ಅಪ್ಪ, ಕೈಯಿಂದ ಹಿಡಿದು! ಕೊನೆಯ ಗುಂಡಿ ಕಾಜಾದ ತೂತು ದಾಟಿದಾಗ ನಾನು ಅಳಲಿಲ್ಲ, ನಿನ್ನ ಅಳಿಯಂದಿರು ಅತ್ತರು. ಆಮೇಲೆ ಎಣ್ಣೆ ಕಣ್ಣಿಗೆ ಹೋಯಿತು ಅಂದರು. ಮನೆಯಲ್ಲಿ ಎಣ್ಣೆಯೇ ಮುಗಿದಿತ್ತು. ಆ ಕಾಜಾಗಳ ಬಗ್ಗೆ ಇನ್ನೊಂದು ಮಾತಿದೆ, ಆಮೇಲೆ ಹೇಳುತ್ತೇನೆ.

ಮುಂದಿನ ತಿಂಗಳಿನಿಂದ ಅರ್ಧ ದಿನ ಲೈಬ್ರರಿಗೆ ಹೋಗಲೇ ಅಂತ ಯೋಚಿಸುತ್ತಿದ್ದೇನೆ. ಭಯವಿದೆ. ಚಿಟಿಕೆಯ ಬೆರಳುಗಳನ್ನು ದಿನಾ ಬೆಳಿಗ್ಗೆ ಮಡಿಸಿ ಬಿಡಿಸಿ ನೋಡುತ್ತೇನೆ, ಆಟ ಅಂದುಕೊಂಡು ಅವಳು ಕೇಕೆ ಹಾಕುತ್ತಾಳೆ. ಅವಳಿಗೂ ಬಂದರೆ ಅಂತ ಡಾಕ್ಟರಮ್ಮನನ್ನು ಕೇಳಿದೆ. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೂ ಬರದೇ ಇರುವವರೇ ಬಹಳ, ಅದಕ್ಕೆ ಈಗಿನಿಂದಲೇ ನಿದ್ದೆಗೆಡಬೇಡಿ ಅಂದರು. ಪ್ರಯತ್ನಿಸುತ್ತಿದ್ದೇನೆ. ಭಯದ ಪಕ್ಕದಲ್ಲೇ ಈಗ ಇನ್ನೊಂದು ಕೂತಿದೆ. ಬೆಳಿಗ್ಗೆ ಎದ್ದು ಬೆರಳು ಮಡಿಸುವಾಗಲೆಲ್ಲ ಅದು ಮೊದಲು ಏಳುತ್ತದೆ. ನೀನು ಕತ್ತರಿ ಹುಡುಕುವ ಮೊದಲು ಹೇಳಿಬಿಡುತ್ತೇನೆ: ಎಂಟು ಕುಪ್ಪಸ, ಲೆಕ್ಕವಿಲ್ಲದಷ್ಟು ಅಂಗಿ, ಒಂದು ಚಿಲಕ, ಒಂದು ಕೆಂಪು ದಾರ. ಇವಕ್ಕೆಲ್ಲ ಸೇರಿ ಒಂದೇ ಒಂದು ಥ್ಯಾಂಕ್ಸ್, ಅಪ್ಪ. ಅಳತೆಗೆ ಸರಿಯಾಗಿಲ್ಲ ಅಂತ ಗೊತ್ತು. ಒಳಗೆ ಬಹಳ ಬಿಟ್ಟಿದ್ದೇನೆ, ಬೇಕಾದಾಗ ಬಿಚ್ಚಿಕೋ.

ಗಡಿಯಾರದವರಿಗೆ ನನ್ನ ನಮಸ್ಕಾರ ತಿಳಿಸು. ಅಳಿಯಂದಿರು ನಿದ್ದೆಯಲ್ಲೇ ನಮಸ್ಕಾರ ಹೇಳಿದರು ಅಂದುಕೋ. ಚಿಟಿಕೆಯ ಮುತ್ತು, ಹೊಸ ಹಲ್ಲಿನ ಗುರುತು ಸಮೇತ. ನಿನ್ನ ಕಾಲಿಗೆ ನಮಸ್ಕರಿಸಿ, ನೀನು ಹಿಂದೆ ಸರಿಯುವ ಮೊದಲೇ ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಮಗಳು,
ಮುಚ್ಚಳ ತೆಗೆಯುವವಳು

ತಾ.ಕ.: ಚಿಟಿಕೆ ಎದ್ದಳು, ಬೇಗ ಬೇಗ ಬರೆಯುತ್ತೇನೆ. ಹೊಲಿಯುವಾಗ ಸೂಜಿ ಚುಚ್ಚದಿರಲು ಬೆರಳಿಗೆ ಹಾಕಿಕೊಳ್ಳುವ ನಿನ್ನ ಹಿತ್ತಾಳೆ ಟೋಪಿ ಇಲ್ಲೇ ಉಳಿದಿದೆ. ಅವಳು ನುಂಗಿಯಾಳು ಅಂತ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೆ. ನಿನ್ನೆ ಖುಷಿಗೆ ತೆಗೆದು ನನ್ನ ಬೆರಳಿಗೆ ಹಾಕಿಕೊಂಡರೆ ದೊಳದೊಳ ಅಂದಿತು. ಪಕ್ಕದಲ್ಲಿ ಉದ್ದಕ್ಕೆ ಸೀಳಿದೆ ಅಪ್ಪ. ಬಿದ್ದು ಸೀಳಿದ್ದಲ್ಲ. ಊದಿದ ಬೆರಳಿಗೆ ಹಿಡಿಸಲಿ ಅಂತ ಇಕ್ಕಳದಿಂದ ಅಗಲಿಸಿ, ಚುಚ್ಚದ ಹಾಗೆ ಅಂಚನ್ನು ಉಜ್ಜಿ ನಯ ಮಾಡಿದ್ದೀಯ. ಆಮೇಲೆ ಫ್ರಾಕನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ಎರಡು ಕಾಜಾ ನಿನ್ನ ಕೈಯವು. ಕೆಳಕ್ಕೆ ಬರುತ್ತ ಬರುತ್ತ ಹೊಲಿಗೆ ಸಡಿಲ, ಕೊನೆಯದು ಕಲಿಯುವವರು ಹಾಕಿದ ಹಾಗಿದೆ. "ಡಬ್ಬಿ ಮುಚ್ಚಳ ನೀನೇ ತೆಗಿ, ಬೆರಳಿಗೆ ವ್ಯಾಯಾಮ" ಅಂತ ನನ್ನ ಮುಂದೆ ತಂದಿಡುತ್ತಿದ್ದದ್ದು ಯಾಕೆ ಅಂತ ಈಗ ತಿಳಿಯಿತು. ಅಂಗಡಿ ತಡವಾಗಿ ತೆಗೆಯುವುದೂ, ಡಬ್ಬಿಯ ಅಡಿಯ ಮಾತ್ರೆಯೂ. ಬೆಳಗಿನ ಬೆರಳು ಹೇಗಿರುತ್ತದೆ ಅಂತ ನನಗೆ ಹೇಳಿಕೊಡಬೇಕಾಗಿಲ್ಲ.

ಅವತ್ತು ಡಾಕ್ಟರಮ್ಮ ಕೇಳಿ ಮುಗಿಸುವ ಮೊದಲೇ ಯಾರಿಗೂ ಇಲ್ಲ ಅಂದೆ. ನಿನ್ನಿಂದ ನನಗೆ ಬಂತು ಅಂತ ನಾನು ಅಂದುಕೊಂಡುಬಿಟ್ಟರೆ ಅಂತ ತಾನೇ? ಬಂದಿದ್ದರೆ ಬರಲಿ ಬಿಡಪ್ಪ. ಈ ಮೂಗೂ ನಿನ್ನಿಂದಲೇ ಬಂದದ್ದು, ಅದಕ್ಕೆ ಎಂದಾದರೂ ಜಗಳ ತೆಗೆದಿದ್ದೇನಾ? ಕೋಪವಿಲ್ಲ ನನಗೆ. ನೋಯುವ ಕೈಯಲ್ಲಿ ನನ್ನ ಕೈಗಾಗಿ ಹೊಲಿದೆಯಲ್ಲ, ಅದನ್ನು ನೆನೆದರೆ ಬರೆಯಲಾಗುತ್ತಿಲ್ಲ.

ಡಾಕ್ಟರಮ್ಮನಿಗೆ ನಿನ್ನೆಯೇ ಫೋನ್ ಮಾಡಿ ಹೇಳಿದ್ದೇನೆ. ಮುಂದಿನ ವಾರದ ಗುರುವಾರ ಹನ್ನೊಂದಕ್ಕೆ ಬರಲು ಹೇಳಿದ್ದಾರೆ. ನನ್ನದೇ ಔಷಧಿ ನಿನಗೆ ಆಗುತ್ತದೆ ಅಂತೇನಿಲ್ಲ, ಮೊದಲು ಕೈ ನೋಡಬೇಕು, ರಕ್ತ ನೋಡಬೇಕು, ಬೇರೆಯದೇ ಇರಬಹುದು ಅಂದರು. ಆ ನೋವಿನ ಮಾತ್ರೆಯ ಹಾಳೆಯನ್ನು ತಪ್ಪದೆ ಜೊತೆಗೆ ತಾ. ನನ್ನ ಸೀಸೆಗೆ ಕೈ ಹಾಕುವ ಉಪಾಯ ಬೇಡ. ಕೇಳಿದರೆ ಸೊಂಟ ಅನ್ನಬೇಡ. ಶಟರ್ ಎಳೆಯಲು ಗಡಿಯಾರದವರನ್ನು ಕರೆ. ಬುಧವಾರ ಸಂಜೆಯ ಬಸ್ಸಿಗೇ ಬಂದರೆ ಒಳ್ಳೆಯದು. ಆಗದಿದ್ದರೆ ಬೆಳಗಿನದು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತ ಬಸ್ಸು ತಪ್ಪಿಸಿಕೊಳ್ಳಬೇಡ. ಮೇಲೊಂದು ಟವೆಲ್ ಹೊದ್ದುಕೊಂಡು ಹಾಗೇ ಬಾ. ಬಸ್ ಸ್ಟ್ಯಾಂಡಿನಲ್ಲಿ ನಾನೇ ಹಾಕುತ್ತೇನೆ.